ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಆಟದ ಪೀರಿಯಡ್ಡಿನ ಗಂಟೆ ಹೊಡೆಯಿತು. ನೀವೆಲ್ಲ ಹೋ ಎಂದು ಕೂಗುತ್ತ ಮೈದಾನಕ್ಕೆ ಓಡಿದಿರಿ. ಚಪ್ಪಲಿಗಳನ್ನು ಬೇವಿನ ಮರದ ಬುಡದಲ್ಲಿ ಬಿಟ್ಟಿರಿ. ಸರಿ, ಈಗ ಸ್ವಲ್ಪ ಹಿಂತಿರುಗಿ ನೋಡಿ. ಆ ಚಪ್ಪಲಿಗಳ ಪಕ್ಕ ಯಾರಾದರೂ ಕುಳಿತಿದ್ದಾರೆಯೇ?

ನಾನು ಓದಿದ ಶಾಲೆಯಲ್ಲಿ ಆ ಜಾಗದಲ್ಲಿ ಒಬ್ಬ ಹುಡುಗ ಕುಳಿತಿರುತ್ತಿದ್ದ. ಪೋಲಿಯೊ ಬಂದು ಅವನ ಬಲಗಾಲು ಸೊರಗಿತ್ತು. (ನಿಮ್ಮ ಪುಣ್ಯ, ಈಗ ನಮ್ಮಲ್ಲಿ ಆ ರೋಗವಿಲ್ಲ. 2014ರಲ್ಲಿ ಭಾರತವನ್ನು ಪೋಲಿಯೊ ಮುಕ್ತವೆಂದು ಘೋಷಿಸಲಾಯಿತು.) ಒಂದನೇ ತರಗತಿಯಿಂದ ಏಳನೇ ತರಗತಿಯವರೆಗೆ ಅವನು ನಮ್ಮ ಚಪ್ಪಲಿ ಕಾದ. ಯಾರೂ ಅವನನ್ನು ಗದರಿಸಿ ಕೂರಿಸಿದ್ದಲ್ಲ. "ನೀನು ಬೀಳ್ತೀಯ, ಇಲ್ಲೇ ಕೂತ್ಕೋ" ಎಂದು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ನಾನೂ ಹಾಗೆ ಹೇಳಿದವರಲ್ಲಿ ಒಬ್ಬ. ಯಾವ ತಂಡ ಎಷ್ಟು ಅಂಕ ಪಡೆಯಿತು ಎಂಬುದು ನಮ್ಮೆಲ್ಲರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿರುತ್ತಿತ್ತು. ಅವನಿಗೆ ಆಡಬೇಕೆಂಬ ಆಸೆ ಇದೆಯೇ ಎಂದು ಒಬ್ಬರೂ ಕೇಳಲಿಲ್ಲ.

ಕುಳಿತಲ್ಲೇ ಕುಳಿತರೆ ದೇಹಕ್ಕೆ ಏನಾಗುತ್ತದೆ? ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು ನಿಮ್ಮ ಊರಿನಲ್ಲಿ ಇದ್ದೇ ಇರುತ್ತಾರೆ. ಒಂದೂವರೆ ತಿಂಗಳ ನಂತರ ಪ್ಲಾಸ್ಟರ್ ತೆಗೆದಾಗ ಆ ಕೈ ಇನ್ನೊಂದು ಕೈಗಿಂತ ಸಣ್ಣಗಾಗಿರುತ್ತದೆ. ಮೂಳೆ ಕೂಡಿಕೊಂಡಿದ್ದರೂ ಒಂದು ಬಿಂದಿಗೆ ಎತ್ತಲು ಆಗುವುದಿಲ್ಲ. ಏಕೆಂದರೆ ಕೆಲಸವಿಲ್ಲದ ಸ್ನಾಯುವನ್ನು ದೇಹ ಸುಮ್ಮನೆ ಸಾಕುವುದಿಲ್ಲ, ಅದು ಕರಗುತ್ತದೆ. ಮೂಳೆಯೂ ಹಾಗೆಯೇ. ಅದರ ಮೇಲೆ ಭಾರ ಬೀಳುತ್ತಿದ್ದರೆ ಗಟ್ಟಿಯಾಗುತ್ತದೆ, ಬೀಳದಿದ್ದರೆ ಸಡಿಲವಾಗುತ್ತದೆ. ಹೃದಯವೂ ಒಂದು ಸ್ನಾಯುವೇ ಅಲ್ಲವೇ? ನನ್ನ ಗೆಳೆಯನಿಗೆ ಸೊರಗಿದ್ದದ್ದು ಒಂದು ಕಾಲು ಮಾತ್ರ. ಅವನ ಎರಡು ಕೈಗಳು, ಬೆನ್ನು, ಹೃದಯ, ಶ್ವಾಸಕೋಶ ಎಲ್ಲವೂ ಸರಿಯಾಗಿದ್ದವು. ಒಂದು ಕಾಲಿಗಾಗಿ ಅವೆಲ್ಲವನ್ನೂ ನಾವು ಮರದ ಕೆಳಗೆ ಕೂರಿಸಿದ್ದೆವು.

ಈ ವಿಷಯವನ್ನು ಚೆನ್ನಾಗಿ ಅರಿತ ವೈದ್ಯರೊಬ್ಬರು ಇಂಗ್ಲೆಂಡಿನಲ್ಲಿದ್ದರು. ಅವರ ಹೆಸರು ಲುಡ್ವಿಗ್ ಗುಟ್‌ಮನ್. ಎರಡನೇ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳ ಶಕ್ತಿ ಕಳೆದುಕೊಂಡ ಸೈನಿಕರಿಗೆ ಅವರು ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಚಿಕಿತ್ಸೆ ನೀಡುತ್ತಿದ್ದರು. ಅಂಥವರು ಹಾಸಿಗೆಯಲ್ಲೇ ಮಲಗಿ, ಬೆನ್ನಿನಲ್ಲಿ ಹುಣ್ಣಾಗಿ, ಸೋಂಕು ತಗುಲಿ ಬೇಗ ಸಾಯುತ್ತಾರೆ ಎಂದೇ ಆಗ ಎಲ್ಲರೂ ತಿಳಿದಿದ್ದರು. ಗುಟ್‌ಮನ್ ಅವರನ್ನು ಎಬ್ಬಿಸಿ ಗಾಲಿಕುರ್ಚಿಯಲ್ಲಿ ಕೂರಿಸಿದರು, ಕೈಗೆ ಬಿಲ್ಲು ಬಾಣ ಕೊಟ್ಟರು. 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿಯ ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದ ಬೇರು ಅಲ್ಲಿದೆ.

ಲೆಕ್ಕಕ್ಕಿಲ್ಲದ ಆಟಗಾರ

ನಮ್ಮಲ್ಲಿ ಒಂದು ಮಾತಿದೆ: "ಆಟಕ್ಕುಂಟು ಲೆಕ್ಕಕ್ಕಿಲ್ಲ." ಪುಟ್ಟ ತಮ್ಮನೋ ತಂಗಿಯೋ ಹಟ ಹಿಡಿದಾಗ ಅವರನ್ನು ಆಟಕ್ಕೆ ಸೇರಿಸಿಕೊಳ್ಳುತ್ತೇವೆ. ಆದರೆ ಅವರು ಔಟಾದರೂ ಔಟಲ್ಲ, ಮುಟ್ಟಿದರೂ ಮುಟ್ಟಿದಂತಲ್ಲ. ಸ್ವಲ್ಪ ಹೊತ್ತಿನಲ್ಲೇ ಅವರಿಗೆ ಗುಟ್ಟು ತಿಳಿದುಬಿಡುತ್ತದೆ, ಬೇಸರದಿಂದ ಹೊರಟುಹೋಗುತ್ತಾರೆ. ವಿಕಲಚೇತನ ಗೆಳೆಯರನ್ನು ಹೀಗೆ ಸೇರಿಸಿಕೊಂಡರೆ ಪ್ರಯೋಜನವಿಲ್ಲ. ಆಟವನ್ನೇ ಸ್ವಲ್ಪ ಬದಲಾಯಿಸಿ ಅವರೂ ಲೆಕ್ಕಕ್ಕೆ ಬರುವಂತೆ ಮಾಡಬೇಕು. ಅದು ಹೇಗೆ ಸಾಧ್ಯ? ಅಂಧರ ಕ್ರಿಕೆಟ್ಟನ್ನು ಸ್ವಲ್ಪ ವಿವರವಾಗಿ ನೋಡೋಣ. ಅದರಲ್ಲಿ ಇರುವಷ್ಟು ವಿಜ್ಞಾನ ನನಗೆ ಬೇರೆ ಆಟದಲ್ಲಿ ಕಂಡಿಲ್ಲ.

1922ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಇಬ್ಬರು ಅಂಧ ಕಾರ್ಖಾನೆ ಕೆಲಸಗಾರರು ಒಂದು ತಗಡಿನ ಡಬ್ಬಿಗೆ ಕಲ್ಲು ತುಂಬಿ ಅದನ್ನೇ ಚೆಂಡು ಮಾಡಿಕೊಂಡು ಆಡತೊಡಗಿದರು. ಆಟ ಹುಟ್ಟಿದ್ದು ಹಾಗೆ. ಈಗ ನಮ್ಮ ದೇಶದಲ್ಲಿ ಬಳಸುವ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಸಣ್ಣ ಸಣ್ಣ ಲೋಹದ ಗುಂಡುಗಳಿರುತ್ತವೆ. ಉರುಳಿದರೆ ಗಲಗಲ ಎನ್ನುತ್ತದೆ. ಬೌಲರ್ ಚೆಂಡನ್ನು ತಲೆಯ ಮೇಲಿಂದ ಎಸೆಯುವಂತಿಲ್ಲ. ತೋಳನ್ನು ಕೆಳಗಿನಿಂದ ಬೀಸಿ ಎಸೆಯಬೇಕು ಮತ್ತು ಚೆಂಡು ಪಿಚ್ಚಿನ ಅರ್ಧ ದಾಟುವ ಮೊದಲೇ ನೆಲ ಮುಟ್ಟಬೇಕು.

ಈ ನಿಯಮ ಏಕೆ? ನೀವೇ ಕಂಡುಹಿಡಿಯಬಹುದು. ಮುಚ್ಚಳವಿರುವ ಒಂದು ಸಣ್ಣ ಡಬ್ಬಿಯಲ್ಲಿ ನಾಲ್ಕೈದು ಕಲ್ಲು ಹಾಕಿ ಭದ್ರವಾಗಿ ಮುಚ್ಚಿ. ಮೊದಲು ನೆಲದ ಮೇಲೆ ಉರುಳಿಸಿ, ಸದ್ದು ಕೇಳಿ. ಆಮೇಲೆ ಅದನ್ನು ತಿರುಗಿಸದೆ ಮೆಲ್ಲಗೆ ಗೆಳೆಯನ ಕಡೆಗೆ ಎಸೆಯಿರಿ. ಗಾಳಿಯಲ್ಲಿರುವಾಗ ಸದ್ದು ತೀರಾ ಕಡಿಮೆಯಾಗುತ್ತದೆ, ಅವನ ಕೈಗೆ ಬಿದ್ದಾಗ ಮಾತ್ರ ಮತ್ತೆ ಗಲ್ ಎನ್ನುತ್ತದೆ. ನೆಲದ ಮೇಲೆ ಉರುಳುವಾಗ ಡಬ್ಬಿ ಸುತ್ತುತ್ತಿರುತ್ತದೆ, ಒಳಗಿನ ಕಲ್ಲುಗಳು ಮತ್ತೆ ಮತ್ತೆ ಕೆಳಕ್ಕೆ ಬಿದ್ದು ಗೋಡೆಗೆ ಬಡಿಯುತ್ತವೆ. ಗಾಳಿಯಲ್ಲಿ ಹಾಗಲ್ಲ. ಡಬ್ಬಿಯೂ ಕಲ್ಲುಗಳೂ ಜೊತೆಜೊತೆಯಾಗಿ ಒಂದೇ ರೀತಿ ಸಾಗುತ್ತವೆ, ಒಂದೇ ರೀತಿ ಬೀಳುತ್ತವೆ. ಒಂದನ್ನೊಂದು ಬಡಿಯಲು ಕಾರಣವೇ ಇಲ್ಲ. ಗಾಳಿಯಲ್ಲಿ ಬರುವ ಚೆಂಡು ಬ್ಯಾಟು ಹಿಡಿದವನ ಪಾಲಿಗೆ ಕಾಣೆಯಾದ ಚೆಂಡು. ನೆಲ ಮುಟ್ಟಿದ ಚೆಂಡು ಮಾತಾಡುವ ಚೆಂಡು. ನಿಯಮ ಮಾಡಿದವರ ಜಾಣತನ ನೋಡಿ!

ಚೆಂಡು ಎಸೆಯುವ ಮೊದಲು ಬೌಲರ್ "ರೆಡಿ?" ಎಂದು ಕೇಳುತ್ತಾನೆ. ಬ್ಯಾಟ್ಸ್‌ಮನ್ "ಎಸ್" ಎನ್ನಬೇಕು. ಆಮೇಲೆ "ಪ್ಲೇ" ಎಂದು ಕೂಗಿ ಚೆಂಡು ಬಿಡುತ್ತಾನೆ. ಬ್ಯಾಟ್ಸ್‌ಮನ್‌ಗಳು ಹೆಚ್ಚಾಗಿ ಮಂಡಿಯೂರಿ ಬ್ಯಾಟನ್ನು ನೆಲದ ಮೇಲೆ ಗುಡಿಸುವಂತೆ ಬೀಸುತ್ತಾರೆ. ಉರುಳಿ ಬರುವ ಚೆಂಡಿಗೆ ಉದ್ದ ಬ್ಯಾಟು ಅಡ್ಡಲಾಗಿ ಸಿಕ್ಕಿದರೆ ತಪ್ಪಿಸಿಕೊಳ್ಳುವ ಸಾಧ್ಯತೆ ಕಡಿಮೆ ತಾನೆ? ಸ್ಟಂಪುಗಳು ಲೋಹದವು, ಚೆಂಡು ತಗುಲಿದರೆ ಠಣ್ ಎಂಬ ಸದ್ದು ಎಲ್ಲರಿಗೂ ಕೇಳುತ್ತದೆ.

ಇನ್ನು ಲೆಕ್ಕದ ವಿಷಯ. ಹನ್ನೊಂದು ಮಂದಿಯ ತಂಡದಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಲೇಬೇಕು. ಉಳಿದವರು ಸ್ವಲ್ಪ ಸ್ವಲ್ಪ ಕಾಣಬಲ್ಲವರು. ಪೂರ್ಣ ಅಂಧ ಆಟಗಾರ ಒಂದು ರನ್ ಹೊಡೆದರೆ ಎರಡು ಎಂದು ಬರೆಯುತ್ತಾರೆ. ಅವನ ಪರವಾಗಿ ಓಡಲು ಇನ್ನೊಬ್ಬನಿರುತ್ತಾನೆ. ಅವನು ಚೆಂಡನ್ನು ಒಂದು ಪುಟಿತದ ನಂತರ ಹಿಡಿದರೂ ಕ್ಯಾಚ್! ಇದರಿಂದ ಏನಾಯಿತು? ಪೂರ್ಣ ಅಂಧ ಆಟಗಾರನಿಲ್ಲದೆ ತಂಡ ಕಟ್ಟಲು ಆಗುವುದಿಲ್ಲ, ಅವನು ಚೆನ್ನಾಗಿ ಆಡದೆ ಪಂದ್ಯ ಗೆಲ್ಲುವುದೂ ಕಷ್ಟ. ನಾಯಕ ಅವನನ್ನು ಕರುಣೆಯಿಂದ ಸೇರಿಸಿಕೊಳ್ಳುವುದಲ್ಲ, ಅವನಿಗಾಗಿ ಹುಡುಕಿಕೊಂಡು ಹೋಗುತ್ತಾನೆ.

2012ರ ಡಿಸೆಂಬರ್‌ನಲ್ಲಿ ಅಂಧರ ಟಿ-20 ವಿಶ್ವಕಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಅಂತಿಮ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿತು. ನಮ್ಮ ತಂಡದ ನಾಯಕ ಶೇಖರ್ ನಾಯ್ಕ್ ಶಿವಮೊಗ್ಗ ಜಿಲ್ಲೆಯವರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನೂ 2025ರಲ್ಲಿ ಭಾರತವೇ ಗೆದ್ದಿತು.

ಕಿವಿ ನೋಡುವುದು ಹೇಗೆ?

ಸದ್ದು ಕೇಳಿತು, ಸರಿ. ಆದರೆ ಅದು ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಎಂಬುದು ಹೇಗೆ ತಿಳಿಯುತ್ತದೆ? ನಮಗೆ ಕಿವಿಗಳು ಎರಡಿವೆ, ಅವುಗಳ ನಡುವೆ ತಲೆ ಇದೆ. ಉತ್ತರ ಇಷ್ಟೇ.

ಗಾಳಿಯಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಹೋಗುತ್ತದೆ. ಬಲಗಡೆಯಿಂದ ಬಂದ ಸದ್ದು ಮೊದಲು ಬಲಗಿವಿಯನ್ನು ಮುಟ್ಟುತ್ತದೆ. ತಲೆಯನ್ನು ಬಳಸಿಕೊಂಡು ಎಡಗಿವಿಗೆ ಬರಲು ಅದು ಸುಮಾರು 20 ಸೆಂಟಿಮೀಟರ್ ಹೆಚ್ಚು ಸಾಗಬೇಕು. ಎಷ್ಟು ತಡವಾಗುತ್ತದೆ? 0.20ನ್ನು 340ರಿಂದ ಭಾಗಿಸಿ. ಒಂದು ಸೆಕೆಂಡನ್ನು ಹತ್ತು ಸಾವಿರ ಭಾಗ ಮಾಡಿದರೆ ಅದರಲ್ಲಿ ಸುಮಾರು ಆರು ಭಾಗ! ನೀವು ಒಮ್ಮೆ ರೆಪ್ಪೆ ಬಡಿಯುವಷ್ಟರಲ್ಲಿ ಇಂತಹ ನೂರಕ್ಕೂ ಹೆಚ್ಚು ಅವಧಿಗಳು ಕಳೆದುಹೋಗುತ್ತವೆ. ಅಷ್ಟು ಸಣ್ಣ ತಡವನ್ನು ನಿಮ್ಮ ಮಿದುಳು ಗುರುತಿಸುತ್ತದೆ. ಜೊತೆಗೆ ತಲೆ ಅಡ್ಡವಿರುವುದರಿಂದ ಆಚೆಯ ಕಿವಿಗೆ ಸದ್ದು ಸ್ವಲ್ಪ ಕ್ಷೀಣವಾಗಿಯೂ ಕೇಳುತ್ತದೆ. ಈ ಎರಡು ಸುಳಿವುಗಳಿಂದ ಮಿದುಳು ದಿಕ್ಕನ್ನು ಲೆಕ್ಕ ಹಾಕುತ್ತದೆ.

ಮಾಡಿ ನೋಡಿ. ಎಂಟು ಮಂದಿ ವೃತ್ತವಾಗಿ ನಿಲ್ಲಿ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ನಡುವೆ ಕೂರಿಸಿ. ಯಾರಾದರೊಬ್ಬರು ಒಂದು ಚಪ್ಪಾಳೆ ತಟ್ಟಲಿ, ನಡುವೆ ಕುಳಿತವರು ಅತ್ತ ಬೆರಳು ತೋರಿಸಲಿ. ಹತ್ತು ಬಾರಿ ಮಾಡಿ, ಎಷ್ಟು ಸರಿ ಎಂದು ಬರೆದುಕೊಳ್ಳಿ. ಈಗ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಮತ್ತೆ ಹತ್ತು ಬಾರಿ. ತಪ್ಪುಗಳು ಯಾವ ಕಡೆಗೆ ವಾಲುತ್ತವೆ? ಇನ್ನೊಂದು ತಮಾಷೆಯೂ ಇದೆ. ತಲೆಯನ್ನು ಅಲ್ಲಾಡಿಸದೆ ಕುಳಿತವರ ನೇರ ಮುಂದೆ ಒಮ್ಮೆ, ನೇರ ಹಿಂದೆ ಒಮ್ಮೆ ತಟ್ಟಿ. ಬಹಳ ಮಂದಿ ಮುಂದಿನದನ್ನು ಹಿಂದೆ ಎನ್ನುತ್ತಾರೆ. ಏಕೆಂದರೆ ಆಗ ಸದ್ದು ಎರಡೂ ಕಿವಿಗಳಿಗೆ ಒಟ್ಟಿಗೇ ತಲುಪುತ್ತದೆ. ತಲೆಯನ್ನು ಕೊಂಚ ಹೊರಳಿಸಿ ಕೇಳಿದರೆ ಗೊಂದಲ ಬಗೆಹರಿಯುತ್ತದೆ. ಅಂಧ ಆಟಗಾರರು ಚೆಂಡಿಗಾಗಿ ಕಾಯುವಾಗ ತಲೆಯನ್ನು ಅತ್ತಿತ್ತ ವಾಲಿಸುವುದನ್ನು ಕಂಡರೆ ಇದು ನೆನಪಿರಲಿ.

ಕುರುಡರಿಗೆ ಹುಟ್ಟಿನಿಂದಲೇ ಕಿವಿ ಚುರುಕು ಎಂದು ಕೆಲವರು ಹೇಳುತ್ತಾರೆ. ಕಿವಿ ನಿಮ್ಮದರಂತೆಯೇ ಇರುತ್ತದೆ. ಅದು ಹೇಳುವುದನ್ನು ಗಮನವಿಟ್ಟು ಕೇಳುವ ಅಭ್ಯಾಸ ಅವರಿಗೆ ಹೆಚ್ಚು. ನೀವೂ ಒಂದು ವಾರ ಈ ಆಟ ಆಡಿದರೆ ನಿಮ್ಮ ಅಂಕವೂ ಏರುತ್ತದೆ.

ಹಾಗಾದರೆ ಸದ್ದಿನ ಚೆಂಡು ಎಲ್ಲಿ ಸಿಗುತ್ತದೆ? ಕೊಳ್ಳಲೇಬೇಕಾಗಿಲ್ಲ. ಹಳೆಯ ಪ್ಲಾಸ್ಟಿಕ್ ಚೆಂಡನ್ನು ಸ್ವಲ್ಪ ಸೀಳಿ, ಸೈಕಲ್ ರಿಪೇರಿ ಅಂಗಡಿಯಲ್ಲಿ ಬಿಸಾಡುವ ಹಳೆಯ ಬೇರಿಂಗ್ ಗುಂಡುಗಳನ್ನೋ ಹುಣಸೆ ಬೀಜಗಳನ್ನೋ ಹಾಕಿ, ಸೀಳನ್ನು ಹೊಲಿದು ಟೇಪು ಸುತ್ತಿ. ಸೀಳುವ ಕೆಲಸವನ್ನು ಮಾತ್ರ ನಿಮ್ಮ ಶಿಕ್ಷಕರಿಂದ ಮಾಡಿಸಿ. ಅದೂ ಬೇಡವೆಂದರೆ ಚೆಂಡನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಂಟು ಕಟ್ಟಿ, ಸರಪರ ಎನ್ನುತ್ತ ಉರುಳುತ್ತದೆ. ಆದರೆ ಒಂದು ಮಾತು. ಈ ಆಟ ನಡೆಯುವಾಗ ನೋಡುವವರು ಬಾಯಿ ಮುಚ್ಚಿಕೊಂಡಿರಬೇಕು. ನಿಮ್ಮ ಗದ್ದಲ ಅವರ ಕಣ್ಣಿಗೆ ಹಾಕಿದ ಧೂಳು.

ಎಲ್ಲರೂ ಕುಳಿತರೆ?

ಕಾಲಿನ ತೊಂದರೆ ಇರುವವರು ನಿಂತು ಆಡಲಾರರು. ಹಾಗಾದರೆ ಎಲ್ಲರೂ ಕುಳಿತೇ ಆಡಿದರೆ? 1956ರಲ್ಲಿ ನೆದರ್ಲೆಂಡ್ಸ್ ದೇಶದವರು ಹೀಗೆ ಯೋಚಿಸಿ ಕುಳಿತು ಆಡುವ ವಾಲಿಬಾಲ್ ಆರಂಭಿಸಿದರು. ಸಾಮಾನ್ಯ ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಇದರಲ್ಲಿ 10 ಮೀಟರ್ ಉದ್ದ, 6 ಮೀಟರ್ ಅಗಲ. ಗಂಡಸರ ಬಲೆಯ ಎತ್ತರ 2.43 ಮೀಟರಿನಿಂದ 1.15 ಮೀಟರಿಗೆ ಇಳಿದಿದೆ. ಎರಡೂ ಅಂಕಣಗಳ ವಿಸ್ತೀರ್ಣ ಲೆಕ್ಕ ಹಾಕಿ ನೋಡಿ: 162 ಮತ್ತು 60 ಚದರ ಮೀಟರ್. ಕುಳಿತು ಜರುಗುವವರು ಎಷ್ಟು ಜಾಗ ಕಾಯಬಲ್ಲರೋ ಅಷ್ಟನ್ನೇ ಉಳಿಸಿದ್ದಾರೆ. ಚೆಂಡು ಹೊಡೆಯುವಾಗ ಕುಂಡೆ ನೆಲದಿಂದ ಏಳಬಾರದು. ನಿಮ್ಮ ಶಾಲೆಯಲ್ಲಿ ಒಂದು ಹಗ್ಗ ಕಟ್ಟಿ ಥ್ರೋಬಾಲನ್ನೇ ಹೀಗೆ ಆಡಿ ನೋಡಿ. ಹತ್ತು ನಿಮಿಷದಲ್ಲಿ ನಿಮ್ಮ ಹೊಟ್ಟೆ, ಭುಜ ನೋಯತೊಡಗುತ್ತವೆ. ದಿನವೂ ತೋಳಿನ ಬಲದಿಂದಲೇ ಜರುಗುವ ನಿಮ್ಮ ಗೆಳತಿ ಆಗ ನಿಮ್ಮನ್ನು ಸುಲಭವಾಗಿ ಸೋಲಿಸಬಹುದು!

ಗಾಲಿಕುರ್ಚಿಯಲ್ಲಿ ಆಡುವ ಬ್ಯಾಸ್ಕೆಟ್‌ಬಾಲ್ ಆಟವನ್ನು ಟಿ.ವಿ.ಯಲ್ಲಿ ಕಂಡಿದ್ದರೆ ಅದರ ಗಾಲಿಗಳನ್ನು ಗಮನಿಸಿ. ಅವು ನೆಟ್ಟಗಿರುವುದಿಲ್ಲ. ಮೇಲೆ ಹತ್ತಿರ, ಕೆಳಗೆ ದೂರವಾಗಿ ವಾಲಿರುತ್ತವೆ. ಕಾರಣ ಬೇಕೇ? ಪಾದಗಳನ್ನು ಜೋಡಿಸಿ ನಿಲ್ಲಿ, ಗೆಳೆಯ ಭುಜವನ್ನು ಮೆಲ್ಲಗೆ ತಳ್ಳಲಿ. ಈಗ ಪಾದಗಳನ್ನು ಅಗಲಿಸಿ ನಿಂತು ತಳ್ಳಿಸಿಕೊಳ್ಳಿ. ತಳ ಅಗಲವಾದಷ್ಟೂ ಉರುಳಿ ಬೀಳುವುದು ಕಷ್ಟ. ಬಿರುಸಾಗಿ ತಿರುಗುವ ಕುರ್ಚಿಗೆ ಅದೇ ಬೇಕು.

ಕೈಗಳೇ ಹಿಡಿತಕ್ಕೆ ಸಿಗದಿದ್ದರೆ? ಕೆಲವು ಮಕ್ಕಳಿಗೆ ಮಿದುಳಿನಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಗಳು ಸರಿಯಾಗಿ ತಲುಪುವುದಿಲ್ಲ. ಇದಕ್ಕೆ ಸೆರಿಬ್ರಲ್ ಪಾಲ್ಸಿ ಎನ್ನುತ್ತಾರೆ. ಕೈಕಾಲುಗಳು ಬಿಗಿಯಾಗಿರುತ್ತವೆ, ಚೆಂಡು ಬಂದು ಹೋದ ಮೇಲೆ ಕೈ ಮೇಲೇಳುತ್ತದೆ. ಅವರಿಗೆ ಬೇಕಾಗಿರುವುದು ಸಮಯ. ಚೆಂಡಿನ ಬದಲು ಬಲೂನು ಹಾರಿಸಿ. ಅದು ಹಗುರ, ಆದರೆ ದೊಡ್ಡದು. ಗಾಳಿ ಅದನ್ನು ತಡೆತಡೆದು ಇಳಿಸುತ್ತದೆ. ರಬ್ಬರ್ ಚೆಂಡು ಅರ್ಧ ಸೆಕೆಂಡಿನಲ್ಲಿ ಬಿದ್ದರೆ ಬಲೂನು ತೇಲುತ್ತ ನಿಧಾನವಾಗಿ ಬರುತ್ತದೆ, ಅಷ್ಟರಲ್ಲಿ ಕೈ ಸಿದ್ಧವಾಗುತ್ತದೆ.

ಪ್ಯಾರಾಲಿಂಪಿಕ್ಸ್‌ನಲ್ಲಿ ಬೋಚ್ಚಿಯ ಎಂಬ ಆಟವಿದೆ. ನಿಮ್ಮ ಗೋಲಿಯಾಟದ ದೂರದ ನೆಂಟ ಎನ್ನಿ. ಒಂದು ಬಿಳಿ ಚೆಂಡಿನ ಹತ್ತಿರಕ್ಕೆ ನಿಮ್ಮ ಚೆಂಡುಗಳನ್ನು ಕಳಿಸಬೇಕು. ಎಸೆಯಲಾರದ ಆಟಗಾರರು ಒಂದು ಇಳಿಜಾರಿನ ಮೇಲಿಂದ ಚೆಂಡು ಬಿಡುತ್ತಾರೆ. ಎಷ್ಟು ಎತ್ತರದಿಂದ, ಯಾವ ದಿಕ್ಕಿಗೆ ಎಂಬುದು ಅವರದೇ ತೀರ್ಮಾನ. ಮಲೆನಾಡಿನವರಿಗೆ ಇಳಿಜಾರು ಹುಡುಕುವ ಕಷ್ಟವಿಲ್ಲ, ತೋಟದ ಅಡಿಕೆ ದಬ್ಬೆ ಸಾಕು. ಬಯಲುಸೀಮೆಯವರು ಉದ್ದಕ್ಕೆ ಸೀಳಿದ ಪಿ.ವಿ.ಸಿ. ಪೈಪು ಬಳಸಿ. ಒಂದು ತುದಿಯನ್ನು ಕುರ್ಚಿಯ ಮೇಲಿಟ್ಟು ಗೋಲಿ ಬಿಡಿ. ನೆಲದಿಂದ 20 ಸೆಂಟಿಮೀಟರ್ ಎತ್ತರದಿಂದ ಬಿಟ್ಟಾಗ ಎಷ್ಟು ದೂರ ಹೋಯಿತು, 40ರಿಂದ ಬಿಟ್ಟಾಗ ಎಷ್ಟು ಎಂದು ಅಳೆದು ಬರೆಯಿರಿ. ಒರಟು ನೆಲದ ಮೇಲೆ ದೂರವೂ ಸುಮಾರಾಗಿ ಎರಡರಷ್ಟಾಗಬೇಕು. ಈ ಲೆಕ್ಕ ಕೈಗೆ ಹತ್ತಿದವರು ಗೋಲಿಯಲ್ಲಿ ಯಾರನ್ನೂ ಸೋಲಿಸಬಲ್ಲರು. ಬೆರಳು ನಡುಗಿದರೇನು?

ಕಿವಿ ಕೇಳದವರ ವಿಷಯ ಇನ್ನೂ ಸುಲಭ. ಪೀಪಿ ಊದುವ ಜೊತೆಗೆ ಒಂದು ಬಣ್ಣದ ಬಾವುಟ ಬೀಸಿದರೆ ಆಯಿತು. ಅವರು ಉಳಿದದ್ದನ್ನೆಲ್ಲ ನಿಮ್ಮಂತೆಯೇ ಆಡುತ್ತಾರೆ. ಓಟದ ಸ್ಪರ್ಧೆಯಲ್ಲಿ ಬಾವುಟ ಕಾಣುವ ಜಾಗದಲ್ಲಿರಲಿ, ಹಿಂದೆ ನಿಂತು ಬೀಸಬೇಡಿ. ಪಾಠ ಬೇಗ ಅರ್ಥವಾಗದ ಗೆಳೆಯರಿದ್ದರೆ ನಿಯಮಗಳನ್ನು ಒಟ್ಟಿಗೇ ಹೇಳದೆ ಒಂದೊಂದಾಗಿ ಆಡಿ ತೋರಿಸಿ.

ಇದು ಅನ್ಯಾಯವಲ್ಲವೇ?

ನಿಮ್ಮಲ್ಲಿ ಒಬ್ಬರಾದರೂ ಕೇಳುತ್ತೀರಿ: "ಅವನಿಗೆ ಮಾತ್ರ ಒಂದು ರನ್ನಿಗೆ ಎರಡು ಕೊಟ್ಟರೆ ಅದು ಮೋಸವಲ್ಲವೇ?" ಒಳ್ಳೆಯ ಪ್ರಶ್ನೆ. ನೀವು ಓಣಿಯಲ್ಲಿ ಕ್ರಿಕೆಟ್ ಆಡುವಾಗ ಏನು ಮಾಡುತ್ತೀರಿ? ಒನ್ ಪಿಚ್ ಕ್ಯಾಚ್ ಔಟ್ ಎನ್ನುತ್ತೀರಿ. ಪಕ್ಕದ ಮನೆ ಕಾಂಪೌಂಡಿಗೆ ಹೊಡೆದರೆ ಔಟ್ ಎನ್ನುತ್ತೀರಿ. ಇವನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ. ಜಾಗ ಚಿಕ್ಕದು, ಹುಡುಗರು ಕಡಿಮೆ, ಆದರೂ ಆಟ ನಡೆಯಬೇಕೆಂದು ನೀವೇ ಮಾಡಿದ ನಿಯಮಗಳು. ಯಾರೂ ಅದನ್ನು ಮೋಸ ಎನ್ನುವುದಿಲ್ಲ. ಆದರೆ ಆಟ ಶುರುವಾಗುವ ಮೊದಲೇ ಎಲ್ಲರೂ ಒಪ್ಪಿರಬೇಕು. ನಡುವೆ ಬದಲಾಯಿಸಿದರೆ ಖಂಡಿತ ಮೋಸ. ಹೊಸ ನಿಯಮ ಸಡಿಲವಾಯಿತೋ ಬಿಗಿಯಾಯಿತೋ ಎಂದು ತಿಳಿಯಲು ನಾಲ್ಕೈದು ಪಂದ್ಯಗಳ ಫಲಿತಾಂಶ ಬರೆದಿಡಿ. ಒಬ್ಬರೇ ಸದಾ ಗೆಲ್ಲುತ್ತಿದ್ದರೆ ನಿಯಮವನ್ನು ತಿದ್ದಿ. ಇದೂ ಒಂದು ಪ್ರಯೋಗವೇ.

ಇನ್ನು "ಪಾಪ, ಅವರಿಂದ ಏನಾದೀತು" ಎನ್ನುವವರಿಗೆ ಒಂದು ಅಳತೆ ಕೊಡುತ್ತೇನೆ. ನಿಮ್ಮ ತರಗತಿಯ ಗೋಡೆಯ ಮೇಲೆ ನೆಲದಿಂದ 1.74 ಮೀಟರ್ ಅಳೆದು ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ನಿಮ್ಮ ಮೇಷ್ಟ್ರನ್ನು ಅದರ ಪಕ್ಕ ನಿಲ್ಲಿಸಿ. ಹಾಸನ ಜಿಲ್ಲೆಯ ಗಿರೀಶ್ ಹೊಸನಗರ ನಾಗರಾಜೇಗೌಡ ಅವರಿಗೆ ಹುಟ್ಟಿನಿಂದ ಎಡಗಾಲಿನ ತೊಂದರೆಯಿದೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ಅಷ್ಟು ಎತ್ತರ ಜಿಗಿದು ಬೆಳ್ಳಿ ಪದಕ ಗೆದ್ದರು.

ಎಲ್ಲ ಮಕ್ಕಳಿಗೂ ಎಲ್ಲ ಆಟವೂ ಹೊಂದುವುದಿಲ್ಲ, ಇದನ್ನು ಮರೆಯಬೇಡಿ. ಕೆಲವು ಸ್ನಾಯು ರೋಗಗಳಲ್ಲಿ ಅತಿಯಾದ ಶ್ರಮದಿಂದ ಸ್ನಾಯುಗಳಿಗೆ ಹಾನಿಯೇ ಆಗುತ್ತದೆ. ಮೂರ್ಛೆರೋಗವಿರುವವರು ಒಬ್ಬರೇ ನೀರಿಗಿಳಿಯಬಾರದು. ಹೃದಯದ ತೊಂದರೆ ಇದ್ದವರಿಗೆ ವೈದ್ಯರ ಸಲಹೆ ಬೇಕು. ಆದ್ದರಿಂದ ದೈಹಿಕ ಶಿಕ್ಷಕರೂ ಮನೆಯವರೂ ಮಾತಾಡಿಕೊಂಡು ನಿರ್ಧರಿಸಲಿ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಆಡುವವರನ್ನೇ. "ನೀನು ಹೇಗೆ ಆಡಬಲ್ಲೆ?" ಎಂದು ಕೇಳಿ ನೋಡಿ. ತಮ್ಮ ದೇಹದ ಬಗ್ಗೆ ಅವರಷ್ಟು ತಿಳಿದವರು ಬೇರೆ ಇಲ್ಲ. ಆಟೋಟದಲ್ಲಿ ಎಲ್ಲರ ಸಮಾನವಾಗಿ ಅವಕಾಶ ಕೊಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶಾಲೆಗಳಿಗೆ ಹೇಳುತ್ತದೆ. ಇದು ನಿಮ್ಮ ಮೇಷ್ಟ್ರಿಗೂ ತಿಳಿದಿರಲಿ, ಈ ಪುಟವನ್ನು ಅವರಿಗೂ ತೋರಿಸಿ.

ಹಾಗಾದರೆ ಚಪ್ಪಲಿಗಳನ್ನು ಯಾರು ಕಾಯುತ್ತಾರೆ? ಅವನ್ನೂ ಆಟಕ್ಕೆ ತೆಗೆದುಕೊಳ್ಳಿ. ಅಂಕಣದ ಗೆರೆಯುದ್ದಕ್ಕೂ ಸಾಲಾಗಿ ಜೋಡಿಸಿ. ಕಣ್ಣು ಕಾಣದವರು ಕಾಲಿನಿಂದ ಮುಟ್ಟಿ ಗೆರೆ ಎಲ್ಲಿದೆ ಎಂದು ತಿಳಿಯುತ್ತಾರೆ. ಚೆಂಡು ಹೊರಗೆ ಹೋಗುವಾಗ ಅವಕ್ಕೆ ತಾಗಿದರೆ ಎಲ್ಲರಿಗೂ ಸದ್ದು ಕೇಳುತ್ತದೆ.